ಮುಂಬೈಗೆ ಸ್ಕೂಟಿ ಬೇಡ, ಮೊದಲು ಲೈನ್ ನೋಡಿ

ಪ್ರಶ್ನೆ: ನಮ್ಮದು ಕಲಬುರಗಿ. ಮಗಳಿಗೆ ಮುಂಬೈಯ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನೌಕರಿ ಸಿಕ್ಕಿದೆ. ಜೂನ್‌ನಲ್ಲಿ ಸೇರಬೇಕು. ಇಲ್ಲಿ ಅವಳು ಎಲ್ಲಿಗೆ ಹೋದರೂ ಸ್ಕೂಟಿಯಲ್ಲೇ. ಅದನ್ನು ರೈಲಿನಲ್ಲಿ ಪಾರ್ಸಲ್ ಮಾಡೋಣ ಅಂತ ಅವರ ಅಪ್ಪ ಹೇಳ್ತಾರೆ. ಅವಳಿಗೆ ಸ್ಕೂಟಿ ಬೇಡವಂತೆ, ಸೈಕಲ್ ಒಯ್ತೀನಿ ಅಂತಾಳೆ. ಲೋಕಲ್ ಟ್ರೇನಿನ ಗದ್ದಲ ಟಿವಿಯಲ್ಲಿ ನೋಡಿ ನನಗೆ ಭಯ ಆಗಿದೆ. ಥಾಣೆಯಲ್ಲಿ ನಮ್ಮ ಸಂಬಂಧಿಕರಿದ್ದಾರೆ, ಬೊರಿವಲಿಯಲ್ಲಿ ಅವಳ ಗೆಳತಿ ಇದ್ದಾಳೆ. ಮನೆ ಎಲ್ಲಿ ಹಿಡಿಯಬೇಕು? ದಿನಾ ಹೇಗೆ ಓಡಾಡಬೇಕು?

ಉತ್ತರ: ಅಕ್ಕಾವ್ರೆ, ಸ್ಕೂಟಿಯ ಮಾತು ಮೊದಲೇ ಮುಗಿಸಿಬಿಡೋಣ. ಕಳಿಸಬೇಡಿ. ಕೆಎ 32 ನಂಬರಿನ ಗಾಡಿ ಮಹಾರಾಷ್ಟ್ರದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿಯ ನಂಬರ್ ಮಾಡಿಸಬೇಕು. ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ತರಬೇಕು, ಅಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಮಾಡಿದರೂ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಬಾಂದ್ರಾ–ವರ್ಳಿ ಸೀ ಲಿಂಕ್, ಕೋಸ್ಟಲ್ ರೋಡ್, ಅಟಲ್ ಸೇತು, ಇಂಥ ಬೇಗ ಮುಟ್ಟಿಸುವ ರಸ್ತೆಗಳಿಗೆ ಎರಡು ಗಾಲಿಯ ಗಾಡಿಗಳನ್ನು ಬಿಡುವುದೇ ಇಲ್ಲ. ಇನ್ನು ಜೂನ್ ಅಂದರೆ ಮಳೆ ಶುರುವಾಗುವ ತಿಂಗಳು. ಗೊತ್ತಿಲ್ಲದ ರಸ್ತೆ, ನೀರಿನಡಿ ಕಾಣದ ಗುಂಡಿ, ಪಕ್ಕದಲ್ಲಿ ಟ್ಯಾಂಕರ್. ಆ ಹುಡುಗಿಗೆ ಅದು ಬೇಡ.

ನೀವು ಕೊನೆಗೆ ಕೇಳಿದ ಪ್ರಶ್ನೆಯೇ ನಿಜವಾಗಿ ಮೊದಲನೆಯದು. ಮನೆ ಎಲ್ಲಿ? ಮುಂಬೈಯಲ್ಲಿ ಓಡಾಟದ ಸುಖ-ದುಃಖ ಮುಕ್ಕಾಲು ಪಾಲು ತೀರ್ಮಾನ ಆಗುವುದು ಮನೆ ಹಿಡಿದ ದಿನವೇ. ಅಲ್ಲಿ ಮನೆ ನೋಡುವಾಗ ಆಫೀಸಿಗೆ ಎಷ್ಟು ಕಿಲೋಮೀಟರ್ ಅಂತ ಕೇಳಬಾರದು. ಯಾವ ಲೈನ್ ಅಂತ ಕೇಳಬೇಕು.

ಯಾಕೆ ಅಂತ ಹೇಳ್ತೀನಿ. ನಮ್ಮ ಕಲಬುರಗಿ ದುಂಡಗಿನ ಊರು. ಸುತ್ತ ರಿಂಗ್ ರೋಡ್, ನಡುವೆ ಸೂಪರ್ ಮಾರ್ಕೆಟ್. ಆಳಂದ ನಾಕಾದಿಂದ ಬಂದರೂ ಅಷ್ಟೇ, ಸೇಡಂ ರಸ್ತೆಯಿಂದ ಬಂದರೂ ಅಷ್ಟೇ. ಮುಂಬೈ ಹಾಗಲ್ಲ. ಏಳು ದ್ವೀಪಗಳನ್ನು ಮಣ್ಣು ತುಂಬಿ ಕೂಡಿಸಿ ಆದ ಊರು ಅದು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಖಾರಿ, ಅಂದರೆ ಒಳಗೆ ಚಾಚಿದ ಸಮುದ್ರದ ನೀರು. ನಡುವೆ ಉದ್ದನೆಯ ಸಣ್ಣ ಪಟ್ಟಿ. ರೈಲು ಹಳಿಗಳೂ ಆ ಪಟ್ಟಿಯ ಉದ್ದಕ್ಕೇ ಬಿದ್ದಿವೆ, ಉತ್ತರದಿಂದ ದಕ್ಷಿಣಕ್ಕೆ. ಪಶ್ಚಿಮದ ಬದಿಗೆ ಚರ್ಚ್‌ಗೇಟ್‌ನಿಂದ ಬಾಂದ್ರಾ, ಅಂಧೇರಿ, ಬೊರಿವಲಿ, ವಿರಾರ್ ಕಡೆ ಹೋಗುವ ವೆಸ್ಟರ್ನ್ ಲೈನ್. ಪೂರ್ವದ ಬದಿಗೆ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೆಯ ಹೆಸರು ವಿ.ಟಿ.) ದಾದರ್, ಕುರ್ಲಾ, ಥಾಣೆ, ಕಲ್ಯಾಣ್ ಕಡೆ ಹೋಗುವ ಸೆಂಟ್ರಲ್ ಲೈನ್. ಸಿಎಸ್‌ಎಂಟಿಯಿಂದಲೇ ಕುರ್ಲಾ, ಚೆಂಬೂರ್, ವಾಶಿ, ಪನ್ವೇಲ್ ಕಡೆ ಹೋಗುವುದು ಹಾರ್ಬರ್ ಲೈನ್. ಉದ್ದಕ್ಕೆ ಎಷ್ಟು ದೂರವಾದರೂ ಸಲೀಸು. ಅಡ್ಡಕ್ಕೆ ಹೋಗಬೇಕೆಂದರೆ ಕಷ್ಟ.

ನನ್ನದೇ ಅನುಭವ. ಸಾರಿಗೆ ಯೋಜನೆಯ ಕೆಲಸ ಕಲಿಯಲು ಮುಂಬೈಗೆ ಹೋದ ಹೊಸದರಲ್ಲಿ ಬೊರಿವಲಿಯಲ್ಲಿ ಮನೆ ಹಿಡಿದೆ. ಕೆಲಸ ಥಾಣೆಯಲ್ಲಿ. ನಕ್ಷೆಯಲ್ಲಿ ಎರಡೂ ಅಕ್ಕಪಕ್ಕ ಕಂಡವು. ಬಾಡಿಗೆಯೂ ಕಡಿಮೆ ಇತ್ತು. ಆದರೆ ನಡುವೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಗುಡ್ಡ, ಕಾಡು, ಚಿರತೆ ಇರುವ ಜಾಗ. ಅದನ್ನು ಸುತ್ತುಹಾಕಿ ಹೋಗುವ ಘೋಡ್‌ಬಂದರ್ ರಸ್ತೆಯಲ್ಲಿ ಗಾಡಿಗಳ ಸಾಲು. ರೈಲಿನಲ್ಲಿ ಹೋಗಬೇಕೆಂದರೆ ದಾದರ್‌ವರೆಗೆ ಇಳಿದು ಬಂದು, ಲೈನ್ ಬದಲಿಸಿ, ಮತ್ತೆ ಮೇಲಕ್ಕೆ ಹೋಗಬೇಕು. ಹೆಚ್ಚು ಕಡಿಮೆ 50 ಕಿಲೋಮೀಟರ್. ಆಗ ಮೆಟ್ರೋ ಒಂದೂ ಇರಲಿಲ್ಲ. ದಿನಕ್ಕೆ ನಾಲ್ಕೂವರೆ ತಾಸು ರೈಲು, ಬಸ್ಸಿನಲ್ಲೇ ಹೋಗುತ್ತಿತ್ತು. ಬಾಡಿಗೆಯಲ್ಲಿ ಉಳಿದದ್ದು ಮೈಯಿಂದ ಹೋಯಿತು. ಎಂಟು ತಿಂಗಳಿಗೆ ಮನೆ ಬಿಟ್ಟೆ.

ನಿಮ್ಮ ಮಗಳ ಪುಣ್ಯ, ಅವಳ ಆಫೀಸು ಎರಡು ಬದಿಗೂ ಕೈಗೆಟುಕುವ ಜಾಗದಲ್ಲಿದೆ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ಗೆ ಎಲ್ಲರೂ ಬಿಕೆಸಿ ಅನ್ನುತ್ತಾರೆ. ಹೆಸರೇ ಹೇಳುವಂತೆ ಅದರ ಒಂದು ಕಡೆ ಬಾಂದ್ರಾ, ಅದು ವೆಸ್ಟರ್ನ್ ಲೈನ್. ಇನ್ನೊಂದು ಕಡೆ ಕುರ್ಲಾ, ಅಲ್ಲಿ ಸೆಂಟ್ರಲ್ಲೂ ಇದೆ, ಹಾರ್ಬರೂ ಇದೆ. ಜೊತೆಗೆ ಈಗ ಬಿಕೆಸಿಯ ಹೊಟ್ಟೆಯೊಳಗೇ ಮೆಟ್ರೋ 3ರ ಸ್ಟೇಷನ್ ಬಂದಿದೆ. ಹಾಗಾಗಿ ಥಾಣೆಯೂ ಆದೀತು, ಬೊರಿವಲಿಯೂ ಆದೀತು. ಎರಡರಲ್ಲಿ ಒಂದು ಹೇಳಿ ಅಂದರೆ ನಾನು ಥಾಣೆ ಅಂತೀನಿ. ನಮ್ಮವರು ಇದ್ದಾರೆ ಅನ್ನುವುದು ಒಂದು ಕಾರಣ. ಕಲಬುರಗಿಯಿಂದ ಹೋಗುವ ರೈಲುಗಳು ಸೊಲ್ಲಾಪುರ, ಪುಣೆ, ಕಲ್ಯಾಣ್ ದಾಟಿ ಆ ಲೈನಿನಲ್ಲೇ ಹೋಗುತ್ತವೆ ಅನ್ನುವುದು ಇನ್ನೊಂದು. ಹಬ್ಬಕ್ಕೆ ಊರಿಗೆ ಬರುವಾಗ ಚೀಲ ಹೊತ್ತು ಊರೆಲ್ಲ ಸುತ್ತಬೇಕಿಲ್ಲ.

ಮೂರನೇ ಕಾರಣ ಎಲ್ಲಕ್ಕಿಂತ ದೊಡ್ಡದು. ಥಾಣೆಯಿಂದಲೇ ಹೊರಡುವ ಲೋಕಲ್‌ಗಳಿವೆ. ಇದನ್ನು ಮನೆ ಏಜೆಂಟ್ ಹೇಳುವುದಿಲ್ಲ. ಕಲ್ಯಾಣ್, ಡೊಂಬಿವಲಿಯಿಂದ ತುಂಬಿಕೊಂಡು ಬರುವ, ದೊಡ್ಡ ಸ್ಟೇಷನ್ನುಗಳಲ್ಲಷ್ಟೇ ನಿಲ್ಲುವ ಫಾಸ್ಟ್ ಲೋಕಲ್‌ಗೆ ಬೆಳಿಗ್ಗೆ ಎಂಟೂವರೆಗೆ ಥಾಣೆಯಲ್ಲಿ ಹತ್ತುವುದು ಹೊಸಬರಿಗೆ ಆಗದ ಮಾತು. ಆದರೆ ಥಾಣೆಯಲ್ಲೇ ಶುರುವಾಗುವ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಖಾಲಿ ಬಂದು ನಿಲ್ಲುತ್ತದೆ. ಕೂತು ಹೋಗಬಹುದು. ಹತ್ತು ನಿಮಿಷ ಜಾಸ್ತಿ ಹಿಡಿದರೆ ಹಿಡಿಯಲಿ. ಬೊರಿವಲಿ, ಅಂಧೇರಿಯಿಂದಲೂ ಹೀಗೆ ಹೊರಡುವ ಗಾಡಿಗಳಿವೆ. ಬೊರಿವಲಿಯಲ್ಲಿ ಮನೆ ಮಾಡಿ ವಿರಾರ್ ಫಾಸ್ಟ್ ಹತ್ತಲು ಮಾತ್ರ ಹೋಗಬಾರದು. ಆ ಗಾಡಿಯಲ್ಲಿ ಒಳಗೆ ನುಗ್ಗುವುದೂ ಕಷ್ಟ, ನಡುವೆ ಇಳಿಯುವುದೂ ಕಷ್ಟ.

ಬಾಡಿಗೆ ಸ್ವಲ್ಪ ಜಾಸ್ತಿ ಕೊಡಲು ಆಗುತ್ತೆ ಅಂದರೆ ಇನ್ನೂ ಹತ್ತಿರ ಬರಬಹುದು. ಘಾಟ್ಕೋಪರ್‌ನಿಂದ ಸ್ಲೋ ಲೋಕಲ್‌ನಲ್ಲಿ ವಿದ್ಯಾವಿಹಾರ್ ಆದಮೇಲೆ ಕುರ್ಲಾ. ಹಾರ್ಬರ್ ಲೈನಿನ ಚೆಂಬೂರ್‌ನಿಂದ ತಿಲಕ್ ನಗರ ಆದಮೇಲೆ ಕುರ್ಲಾ. ಅಂಧೇರಿ ಪೂರ್ವದ ಮರೋಳ್ ಕಡೆ ಪಿಜಿ ಸಿಕ್ಕರೆ ಲೋಕಲ್ಲೇ ಬೇಡ. ಮರೋಳ್ ನಾಕಾದಿಂದ ಮೆಟ್ರೋ 3 ಹತ್ತಿದರೆ ನೇರ ಬಿಕೆಸಿಯಲ್ಲಿ ಇಳಿಯಬಹುದು.

ಈ ಮೆಟ್ರೋ 3 ಬಗ್ಗೆ ಎರಡು ಮಾತು ಹೇಳಲೇಬೇಕು. ಆರೇಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ಸ್ಟೇಷನ್. ಬಹುತೇಕ ಎಲ್ಲವೂ ನೆಲದಡಿ. 2024ರ ಅಕ್ಟೋಬರ್‌ನಲ್ಲಿ ಬಿಕೆಸಿವರೆಗೆ ಶುರುವಾಯಿತು, 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿಯಾಯಿತು. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್, ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಅದರ ದಾರಿಯಲ್ಲಿವೆ. ಇನ್ನು ಅಡ್ಡಕ್ಕೆ ಹೋಗುವ ಕಷ್ಟ ಅಂದೆನಲ್ಲ, ಅದಕ್ಕೆ ಮೊದಲ ಮದ್ದು 2014ರ ಜೂನ್‌ನಲ್ಲಿ ಬಂದ ಮೆಟ್ರೋ 1. ವರ್ಸೋವಾದಿಂದ ಅಂಧೇರಿ ಮೇಲೆ ಹಾದು ಘಾಟ್ಕೋಪರ್. ಬರೀ 11.4 ಕಿಲೋಮೀಟರ್, ಆದರೆ ವೆಸ್ಟರ್ನ್ ಮತ್ತು ಸೆಂಟ್ರಲ್ ಲೈನುಗಳನ್ನು ಅದು ಜೋಡಿಸಿತು. ಮರೋಳ್ ನಾಕಾದಲ್ಲಿ ಮೆಟ್ರೋ 1 ಮತ್ತು 3 ಕೂಡುತ್ತವೆ. ಮಗಳು ಘಾಟ್ಕೋಪರ್‌ನಲ್ಲಿದ್ದರೆ ಲೋಕಲ್ ನಿಂತ ದಿನ ಈ ದಾರಿ ಹಿಡಿಯಬಹುದು. ಮೆಟ್ರೋ ಟಿಕೆಟ್ ಲೋಕಲ್‌ಗಿಂತ ಜಾಸ್ತಿ, ಅದು ನಿಜ. ಲೋಕಲ್ ಸೆಕೆಂಡ್ ಕ್ಲಾಸ್ 5 ರೂಪಾಯಿಯಿಂದ ಶುರು, ಮೆಟ್ರೋ 3ರಲ್ಲಿ 10ರಿಂದ 70 ರೂಪಾಯಿ. ಲೋಕಲ್‌ಗೆ ತಿಂಗಳ ಪಾಸ್ ಮಾಡಿಸಿಕೊಳ್ಳಲಿ. ಅಂದಾಜು 15 ಸಲದ ಟಿಕೆಟ್ ಹಣಕ್ಕೆ ತಿಂಗಳು ಪೂರ್ತಿ ಓಡಾಡಬಹುದು. ರೈಲ್‌ಒನ್ ಆ್ಯಪಿನಲ್ಲಿ ಮೊಬೈಲ್‌ನಲ್ಲೇ ಆಗುತ್ತದೆ.

ಈಗ ನಿಮ್ಮ ಭಯದ ವಿಷಯ. ಸುಮ್ನೆ ಭಯ ಬೇಡ ಅಂತ ನಾನು ಹೇಳುವುದಿಲ್ಲ. ಮುಂಬೈಯ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಾರೆ. ಆದರೆ ಹೇಗೆ ಸಾಯುತ್ತಾರೆ ಅನ್ನುವುದನ್ನು ನೋಡಬೇಕು. ದೊಡ್ಡ ಪಾಲು ಹಳಿ ದಾಟುವಾಗ. ಆಮೇಲೆ ಓಡುವ ಗಾಡಿಯಿಂದ ಬಿದ್ದು. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ಜೋತುಬಿದ್ದವರು ಕೆಳಗೆ ಬಿದ್ದು ಜೀವ ಕಳೆದುಕೊಂಡರು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಮಳೆಗೆ ನಿಂತ ಜನರ ನಡುವೆ ಕಾಲ್ತುಳಿತವಾಗಿ 23 ಮಂದಿ ಸತ್ತರು. ಆ ಸ್ಟೇಷನ್ನಿಗೆ ಈಗ ಪ್ರಭಾದೇವಿ ಅಂತ ಹೆಸರು. ಈ ಮೂರನ್ನೂ ಮಗಳಿಗೆ ಓದಿ ಹೇಳಿ. ಹಳಿ ದಾಟಬಾರದು. ಬಾಗಿಲಲ್ಲಿ ನಿಲ್ಲಬಾರದು. ಮಳೆ ಬಂತು ಅಂತ ಸೇತುವೆಯ ಮೆಟ್ಟಿಲ ಮೇಲೆ ಗುಂಪಿನಲ್ಲಿ ಕಾಯಬಾರದು. ಇಷ್ಟು ಪಾಲಿಸಿದರೆ ಲೋಕಲ್ ಅಷ್ಟು ಹೆದರುವಂಥದ್ದಲ್ಲ. ಹೆಂಗಸರಿಗೆ ಬೇರೆ ಡಬ್ಬಿಗಳಿವೆ. ಅವು ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ಬಂದು ನಿಲ್ಲುತ್ತವೆ ಅನ್ನುವುದು ಎರಡು ದಿನದಲ್ಲಿ ತಿಳಿಯುತ್ತದೆ. ರಾತ್ರಿ ಹೊತ್ತು ಆ ಡಬ್ಬಿಯಲ್ಲಿ ಪೊಲೀಸರು ಇರುತ್ತಾರೆ. ರೈಲ್ವೆ ಪೊಲೀಸ್ ಸಹಾಯಕ್ಕೆ 1512, ರೈಲ್ವೆ ಸಹಾಯಕ್ಕೆ 139. ಎರಡನ್ನೂ ಫೋನಿನಲ್ಲಿ ಹಾಕಿಕೊಡಿ.

ಹೆಂಗಸರ ಡಬ್ಬಿಗೆ ಅದರದೇ ರೀತಿ-ರಿವಾಜು ಇದೆ. ನನ್ನ ಹೆಂಡತಿ ಹನ್ನೊಂದು ವರ್ಷ ಅದರಲ್ಲಿ ಓಡಾಡಿದವಳು, ಅವಳು ಹೇಳಿದ್ದು ಬರೆಯುತ್ತೇನೆ. ತಂಗಿ, ಇದು ನಿನಗೆ. ಹತ್ತಿದ ಕೂಡಲೇ ಕೂತವರನ್ನು ಎಲ್ಲಿ ಇಳಿಯುತ್ತೀರಿ ಅಂತ ಕೇಳು. ಅದು ಅಲ್ಲಿ ಸಭ್ಯತೆಯೇ. ನಿನಗಿಂತ ಮೊದಲು ಕೇಳಿದವರು ಇಲ್ಲದಿದ್ದರೆ ಅವರ ಸೀಟು ಆಮೇಲೆ ನಿನ್ನದು. ಮೂರು ಜನ ಕೂತ ಬೆಂಚಿನ ಅಂಚಿಗೆ ನಾಲ್ಕನೆಯವರು ಕೂರುತ್ತಾರೆ, ಅದಕ್ಕೆ ಚೌಥಿ ಸೀಟ್ ಅಂತಾರೆ. ಕೇಳಿದರೆ ಸರಿದು ಜಾಗ ಕೊಡುತ್ತಾರೆ. ಬೆನ್ನಿನ ಬ್ಯಾಗನ್ನು ಎದೆ ಮೇಲೆ ಹಾಕಿಕೊ. ಇಳಿಯುವ ಸ್ಟೇಷನ್ನಿಗೆ ಎರಡು ಸ್ಟೇಷನ್ ಮೊದಲೇ ಬಾಗಿಲ ಕಡೆ ಸರಿಯಬೇಕು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತೆ ಅಂತ ಕೇಳಿಟ್ಟುಕೊಳ್ಳಬೇಕು. ಒಂದು ಗಾಡಿ ತಪ್ಪಿದರೆ ತಪ್ಪಲಿ, ಐದು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಒಂದು ತಿಂಗಳು ದಿನಾ ಅದೇ ಗಾಡಿ, ಅದೇ ಡಬ್ಬಿ ಹಿಡಿದರೆ ಅಲ್ಲಿಯ ಅಕ್ಕಂದಿರು ನಿನ್ನನ್ನು ಗುರುತು ಹಿಡಿಯುತ್ತಾರೆ. ಬಾರದ ದಿನ ವಿಚಾರಿಸುತ್ತಾರೆ. ಸೊಪ್ಪು ಬಿಡಿಸುತ್ತಾ, ಅವರೆಕಾಳು ಸುಲಿಯುತ್ತಾ ಕೂತಿರುತ್ತಾರೆ.

ಭಾನುವಾರ ಎಲ್ಲಿಗಾದರೂ ಹೋಗುವುದಿದ್ದರೆ ಮೆಗಾ ಬ್ಲಾಕ್ ಇದೆಯಾ ಅಂತ ನೋಡಿ ಹೊರಡಬೇಕು. ಹಳಿ ದುರಸ್ತಿಗೆ ಅವತ್ತು ಹಗಲು ಹೊತ್ತು ಕೆಲವು ಗಾಡಿ ನಿಲ್ಲಿಸುತ್ತಾರೆ. ಎಂ-ಇಂಡಿಕೇಟರ್ ಅನ್ನುವ ಆ್ಯಪಿನಲ್ಲಿ ಗಾಡಿಗಳ ಸಮಯ, ಬ್ಲಾಕ್ ಎಲ್ಲ ತಿಳಿಯುತ್ತದೆ.

ಕುರ್ಲಾದಲ್ಲೋ ಬಾಂದ್ರಾದಲ್ಲೋ ಇಳಿದ ಮೇಲೆ ಆಫೀಸಿಗೆ? ನಮ್ಮ ಟಂಟಂ ಇದ್ದ ಹಾಗೆ ಅಲ್ಲಿ ಶೇರ್ ಆಟೋ. ಸ್ಟೇಷನ್ ಹೊರಗೆ ಸಾಲಿನಲ್ಲಿ ನಿಲ್ಲಬೇಕು. ಇಲ್ಲವೇ ಬೆಸ್ಟ್ ಬಸ್ಸು. ಬೆಸ್ಟ್ ಅಂದರೆ ಮುಂಬೈಯ ಊರ ಬಸ್ಸು ಓಡಿಸುವ ಹಳೆಯ ಸಂಸ್ಥೆ. 1907ರಲ್ಲಿ ವಿದ್ಯುತ್ ಟ್ರಾಂ ಓಡಿಸಿದವರು, 1926ರಲ್ಲಿ ಬಸ್ಸು ಶುರು ಮಾಡಿದರು. 2025ರ ಮೇ ತಿಂಗಳಲ್ಲಿ ದರ ಏರಿಸಿದ ಮೇಲೆ ಸಾದಾ ಬಸ್ಸಿಗೆ ಕನಿಷ್ಠ 10 ರೂಪಾಯಿ, ಎಸಿ ಬಸ್ಸಿಗೆ 12. ಬಸ್ಸಿನ ಮುಂದೆ ನಂಬರು ದೇವನಾಗರಿ ಅಂಕಿಯಲ್ಲಿ ಇರುತ್ತದೆ. ಹಿಂದಿ ಓದಿದ ಹುಡುಗಿಗೆ ಅದು ಕಷ್ಟವಲ್ಲ. ನಮ್ಮ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಲ್ಲಿ ನಡೆಯುವುದಿಲ್ಲ, ಖರ್ಚು ಲೆಕ್ಕ ಹಾಕುವಾಗ ನೆನಪಿರಲಿ. ಆಟೋ ಮೀಟರ್ 26 ರೂಪಾಯಿಯಿಂದ, ಕಾಳಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿ 31 ರೂಪಾಯಿಯಿಂದ ಶುರು. 2025ರ ಫೆಬ್ರವರಿಯಲ್ಲಿ ಇಟ್ಟ ದರ ಇದು. ಮೀಟರ್ ಹಾಕಿಯೇ ಹೋಗುತ್ತಾರೆ, ಆ ವಿಷಯದಲ್ಲಿ ಮುಂಬೈ ನನಗೆ ಬಹಳ ಇಷ್ಟ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋ ಬಿಡುವುದಿಲ್ಲ. ಅಲ್ಲಿಂದ ಮುಂದೆ ಟ್ಯಾಕ್ಸಿಯೇ.

ಮಳೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕಡೆಯವರಿಗೆ ಇದು ಅಂದಾಜಿಗೆ ಸಿಗುವುದಿಲ್ಲ. ಇಲ್ಲಿ ಮಳೆ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳದಿಂದ ಭೀಮೆಗೆ ಹರಿದು ಹೋಗುತ್ತದೆ. ಅಲ್ಲಿ ನೀರು ಹೋಗಬೇಕಾದದ್ದು ಸಮುದ್ರಕ್ಕೆ. ಆದರೆ ಸಮುದ್ರಕ್ಕೆ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ದೊಡ್ಡ ಉಬ್ಬರದ ಹೊತ್ತಿಗೇ ಜೋರು ಮಳೆ ಬಿದ್ದರೆ ಚರಂಡಿಯ ನೀರಿಗೆ ಹೊರಹೋಗುವ ದಾರಿ ಇರುವುದಿಲ್ಲ. ಸಾಯನ್, ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಇಂಥ ತಗ್ಗು ಜಾಗಗಳಲ್ಲಿ ನಿಂತುಬಿಡುತ್ತದೆ. ಹಳಿ ಮುಳುಗಿದರೆ ಲೋಕಲ್ ಬಂದ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಕಲಬುರಗಿಯಲ್ಲಿ ಇಡೀ ವರ್ಷಕ್ಕೆ ಅಷ್ಟು ಮಳೆ ಆಗುವುದಿಲ್ಲ. ಅವತ್ತು ಉಕ್ಕಿದ ಮೀಠಿ ನದಿ ಬಿಕೆಸಿಯ ಪಕ್ಕದಲ್ಲೇ ಹರಿಯುತ್ತದೆ. ನೆಲದಡಿಯ ಮೆಟ್ರೋ ಅಂದರೆ ಮಳೆಗೆ ಪೂರ್ತಿ ಭದ್ರ ಅಂತಲೂ ಅಲ್ಲ. 2025ರ ಮೇ 26ರಂದು ಮೆಟ್ರೋ 3ರ ಆಚಾರ್ಯ ಅತ್ರೆ ಚೌಕ್ ಸ್ಟೇಷನ್ನಿಗೆ ನೀರು ನುಗ್ಗಿತ್ತು.

ಹಾಗಾದರೆ ಮಾಡಬೇಕಾದ್ದು ಏನು? ಮಳೆಗಾಲ ಶುರುವಾಗುವ ಮೊದಲೇ ಅಲ್ಲಿಯ ಮಹಾನಗರ ಪಾಲಿಕೆ ಉಬ್ಬರದ ದಿನ ಮತ್ತು ಹೊತ್ತಿನ ಪಟ್ಟಿ ಕೊಡುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ನಾಲ್ಕೂವರೆ ಮೀಟರಿಗೆ ಮೇಲ್ಪಟ್ಟ ಉಬ್ಬರ ಇರುವ ದಿನಗಳನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಲಿ. ಅಂಥ ದಿನ ಬೆಳಿಗ್ಗೆಯಿಂದಲೇ ಮಳೆ ಹಿಡಿದರೆ ಮನೆಯಿಂದಲೇ ಕೆಲಸ ಮಾಡುತ್ತೀನಿ ಅಂತ ಕೇಳಲಿ. ಆಫೀಸಿನಲ್ಲಿ ಸಿಕ್ಕಿಕೊಂಡರೆ ಅಲ್ಲೇ ಉಳಿಯಲಿ. ನಿಂತ ನೀರಿನಲ್ಲಿ ನಡೆಯಬಾರದು. ಕೆಳಗೆ ಮ್ಯಾನ್‌ಹೋಲ್ ಬಾಯಿ ತೆರೆದಿರಬಹುದು, 2017ರ ಆಗಸ್ಟ್‌ನಲ್ಲಿ ಹಾಗೇ ಒಬ್ಬ ವೈದ್ಯರು ತೀರಿಕೊಂಡರು. ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ, ಪವರ್ ಬ್ಯಾಂಕ್, ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ. ನೀವು ಕಟ್ಟಿಕೊಟ್ಟ ಖಡಕ್ ರೊಟ್ಟಿ ಅಲ್ಲಿಯ ತೇವದ ಗಾಳಿಗೆ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲೇ ಕಳಿಸಿ.

ಈಗ ಸೈಕಲ್. ನಿಮ್ಮ ಮಗಳ ಆಸೆ ನನಗೆ ಬಹಳ ಹಿಡಿಸಿತು. ಆದರೆ ಮನೆಯಿಂದ ಆಫೀಸಿನವರೆಗೂ ಸೈಕಲ್ ಅನ್ನುವುದು ಮುಂಬೈಯಲ್ಲಿ ಆಗುವುದಿಲ್ಲ. ಸೈಕಲ್‌ಗೆಂದೇ ಇರುವ ದಾರಿ ಬಹಳ ಕಡಿಮೆ. ಬಿಕೆಸಿಯಲ್ಲಿಯೇ ಹಿಂದೆ ಸೈಕಲ್ ಟ್ರ್ಯಾಕ್ ಮಾಡಿದ್ದರು. ಅದರ ಮೇಲೆ ಕಾರು ನಿಲ್ಲಿಸುತ್ತಿದ್ದರು. ನೋಡಿದಾಗಲೆಲ್ಲ ಸಂಕಟ ಆಗುತ್ತಿತ್ತು. ಮುಂಬೈಯಲ್ಲಿ ಸೈಕಲ್ ಬಳಸುವ ಸರಿಯಾದ ರೀತಿ ಗೊತ್ತಿರುವುದು ಡಬ್ಬಾವಾಲಾಗಳಿಗೆ. 1890ರಿಂದ ಊಟದ ಡಬ್ಬಿ ಮುಟ್ಟಿಸುವ ಕೆಲಸ ಅವರದು. ಮನೆಯಿಂದ ಸ್ಟೇಷನ್‌ವರೆಗೆ ಸೈಕಲ್, ನಡುವೆ ಲೋಕಲ್, ಇಳಿದಲ್ಲಿ ಮತ್ತೆ ಸೈಕಲ್. ಉದ್ದಕ್ಕೆ ರೈಲು, ತುದಿಗೆ ಸೈಕಲ್. ಮಗಳೂ ಹಾಗೇ ಮಾಡಲಿ. ಮನೆಯಿಂದ ಸ್ಟೇಷನ್ನಿಗೆ ಎರಡು-ಮೂರು ಕಿಲೋಮೀಟರ್ ಇದ್ದರೆ, ಗಲ್ಲಿ ರಸ್ತೆ ಇದ್ದರೆ, ಹಳೆಯ ಸಾದಾ ಸೈಕಲ್ ಒಂದನ್ನು ಅಲ್ಲೇ ಕೊಳ್ಳಲಿ. ಇಲ್ಲಿಂದ ಗೇರ್ ಸೈಕಲ್ ಒಯ್ಯುವುದು ಬೇಡ. ಸಮುದ್ರದ ಉಪ್ಪು ಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆ ಎಣ್ಣೆ ಹಾಕಬೇಕು. ಲೋಕಲ್‌ನ ಸಾಮಾನಿನ ಡಬ್ಬಿಯಲ್ಲಿ ಲಗೇಜ್ ಟಿಕೆಟ್ ಮಾಡಿಸಿ ಸೈಕಲ್ ಒಯ್ಯಬಹುದು, ಆದರೆ ಗದ್ದಲದ ಹೊತ್ತಿನಲ್ಲಿ ಆ ಯೋಚನೆಯೇ ಬೇಡ. ಬಿಕೆಸಿಯೊಳಗೆ ಓಡಾಡಲು ಯೂಲು ಅನ್ನುವ ಬಾಡಿಗೆ ಬ್ಯಾಟರಿ ಗಾಡಿಗಳಿವೆ. ಸೈಕಲ್ ಸುಖ ಬೇಕಾದರೆ ಭಾನುವಾರ ನಸುಕಿನಲ್ಲಿ ಮರೀನ್ ಡ್ರೈವ್‌ಗೆ ಹೋಗಲಿ. ಆ ಹೊತ್ತಿಗೆ ರಸ್ತೆ ಖಾಲಿ ಇರುತ್ತದೆ, ಪಕ್ಕದಲ್ಲಿ ಸಮುದ್ರ.

ಸಮುದ್ರ ಅಂದಾಗ ನೆನಪಾಯಿತು, ದೋಣಿಯೂ ಅಲ್ಲಿ ಒಂದು ಸಾರಿಗೆ. ವರ್ಸೋವಾದಿಂದ ಮಢ್‌ಗೆ ಜನ ದಿನಾ ದೋಣಿಯಲ್ಲಿ ಓಡಾಡುತ್ತಾರೆ, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ. ಗೇಟ್‌ವೇ ಆಫ್ ಇಂಡಿಯಾದಿಂದ ಆಚೆ ದಡದ ಮಾಂಡ್ವಾಕ್ಕೆ ಹೋಗುವ ಲಾಂಚ್‌ಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ನೀವು ಮಗಳನ್ನು ನೋಡಲು ದಸರೆ ಆದಮೇಲೆ ಹೋದರೆ ಹತ್ತಿ ಬನ್ನಿ.

ಕೊನೆಗೆ ಹೊರಡುವ ದಿನದ ಮಾತು. ಉದ್ಯಾನ್, ಹುಸೇನ್‌ಸಾಗರ್, ಕೋಣಾರ್ಕ್, ಇವೆಲ್ಲ ಕಲಬುರಗಿಯಲ್ಲಿ ನಿಂತು ಸಿಎಸ್‌ಎಂಟಿಗೆ ಹೋಗುತ್ತವೆ. ನಾನಾದರೆ ಹುಸೇನ್‌ಸಾಗರ್ ಹಿಡಿಯುತ್ತೇನೆ, ಅದು ಬೆಳಗಿನ ಜಾವ ಮುಟ್ಟುತ್ತದೆ. ಆ ಹೊತ್ತಿಗೆ ಸ್ಟೇಷನ್ ಖಾಲಿ ಇರುತ್ತದೆ. ಮನೆ ಥಾಣೆಯಲ್ಲಿ ಆದರೆ ಥಾಣೆಯಲ್ಲೇ ಇಳಿಯಿರಿ, ಸಿಎಸ್‌ಎಂಟಿವರೆಗೆ ಹೋಗಿ ಹಿಂದೆ ಬರಬೇಡಿ. ಸೇರುವ ದಿನಕ್ಕೆ ಮೂರು ದಿನ ಮೊದಲೇ ಹೋಗಿ. ಮೊದಲ ದಿನ ಮಧ್ಯಾಹ್ನ ಹನ್ನೆರಡರ ಮೇಲೆ, ಗದ್ದಲ ಇಲ್ಲದಾಗ, ನೀವೂ ಮಗಳೂ ಕೂಡಿ ಮನೆಯಿಂದ ಆಫೀಸಿನ ಬಾಗಿಲವರೆಗೆ ಹೋಗಿ ಬನ್ನಿ. ಎರಡನೇ ದಿನ ಬೆಳಿಗ್ಗೆ ಎಂಟೂವರೆಗೆ ಅದೇ ದಾರಿಯಲ್ಲಿ ಅವಳೊಬ್ಬಳೇ ಹೋಗಲಿ, ನೀವು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ. ಥಾಣೆಯಿಂದ ಹೊರಡುವ ಸ್ಲೋ ಗಾಡಿಯಲ್ಲಿ ಅವಳು ಕಿಟಕಿ ಪಕ್ಕ ಕೂತದ್ದನ್ನು ನೋಡಿದ ಮೇಲೆ ಊರಿಗೆ ಹಿಂದಿರುಗುವ ಟಿಕೆಟ್ ತೆಗೆಸಿ.